ಮಾತು ಬಿಟ್ಟರೂ ಸೂತಕ ಬಿಡಲಿಲ್ಲ

ಕಳೆದ ವರ್ಷ ಒಂದು ವಿಚಾರಸಂಕಿರಣದಲ್ಲಿ ಎಂ.ಎ. ಓದುವ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: ಜರ್ಮನಿಯ ವಿಲ್ಲಿ ಬ್ರಾಂಟ್ ವಾರ್ಸಾದಲ್ಲಿ ಮಂಡಿಯೂರಿದ್ದು ಪಶ್ಚಾತ್ತಾಪವೋ, ರಾಜಕೀಯವೋ? ವೇದಿಕೆಯ ಮೇಲಿದ್ದ ಹಿರಿಯರು ಒಂದು ಗಳಿಗೆಯೂ ಯೋಚಿಸಲಿಲ್ಲ. ದೇಶಗಳಿಗೆ ಮಿತ್ರರೂ ಇಲ್ಲ, ಶತ್ರುಗಳೂ ಇಲ್ಲ, ಇರುವುದು ಹಿತಾಸಕ್ತಿ ಮಾತ್ರ, ಬ್ರಿಟನ್ನಿನ ಪಾಮರ್‌ಸ್ಟನ್ ಹೇಳಿಲ್ಲವೇ ಅಂದರು. ಸಭೆ ತಲೆದೂಗಿತು. ಹುಡುಗಿ ಕೂತಳು.

ಅವಳು ಹಾಗೆ ಸುಮ್ಮನೆ ಕೂತದ್ದು ನನ್ನನ್ನು ಇನ್ನೂ ಚುಚ್ಚುತ್ತಿದೆ. ಒಂದು ನಿಜವಾದ ಪ್ರಶ್ನೆಯ ಬಾಯಿ ಮುಚ್ಚಿಸುವುದಕ್ಕೆ ಒಂದು ಹಳೆಯ ಮಾತು ಸಾಕಾಗುವುದಾದರೆ ಆ ಮಾತಿನಲ್ಲಿ ಏನೋ ತಪ್ಪಿರಬೇಕು. ಆ ತಪ್ಪನ್ನು ತೋರಿಸಲೇಬೇಕೆಂದು ಅಂದೇ ನಿಶ್ಚಯಿಸಿದೆ.

ಇಂಥ ಮಾತು ಬಂದಾಗ ಕೌಟಿಲ್ಯನ ಮಂಡಲವನ್ನು ಎಳೆದು ತರುವವರಿದ್ದಾರೆ: ನೆರೆಯವನು ಶತ್ರು, ನೆರೆಯವನ ನೆರೆಯವನು ಮಿತ್ರ. ಕಾಂಟ್‌ನ ಶಾಶ್ವತ ಶಾಂತಿಯನ್ನು ತರುವವರೂ ಇದ್ದಾರೆ. ಇಬ್ಬರಿಗೂ ನಮಸ್ಕಾರ. ಒಬ್ಬನದು ನಕ್ಷೆ, ಇನ್ನೊಬ್ಬನದು ಕರಾರುಪತ್ರ. ಮಂಡಿಯೂರಿದ ಮನುಷ್ಯ ಎರಡರಲ್ಲೂ ಕಾಣುವುದಿಲ್ಲ. ನನಗೆ ಗುದ್ದಾಡಬೇಕಾದವನು ಪಾಮರ್‌ಸ್ಟನ್ ಒಬ್ಬನೇ.

ಮೊದಲು ನಡೆದದ್ದೇನು ಎಂಬುದು. 1970ರ ಡಿಸೆಂಬರ್ 7ರಂದು ಪಶ್ಚಿಮ ಜರ್ಮನಿಯ ಚಾನ್ಸಲರ್ ಬ್ರಾಂಟ್ ಪೋಲೆಂಡಿನ ಜೊತೆ ಒಪ್ಪಂದಕ್ಕೆ ಸಹಿ ಹಾಕಲು ವಾರ್ಸಾಗೆ ಬಂದಿದ್ದ. ಓಡರ್ ಮತ್ತು ನೈಸೆ ನದಿಗಳ ಗೆರೆಯೇ ಪೋಲೆಂಡಿನ ಪಶ್ಚಿಮದ ಗಡಿ ಎಂದು ಬಾನ್ ಸರ್ಕಾರ ಅಂದು ಬರಹದಲ್ಲಿ ಒಪ್ಪಿತು. ಆ ಗೆರೆಯ ಹಿಂದೆ ಎಷ್ಟು ಕಣ್ಣೀರಿತ್ತು ಎನ್ನುವುದನ್ನು ನೆನೆಯಬೇಕು. ಯುದ್ಧದಲ್ಲಿ ಪೋಲೆಂಡಿನ ಸುಮಾರು 60 ಲಕ್ಷ ಪ್ರಜೆಗಳು ಸತ್ತಿದ್ದರು, ಅವರಲ್ಲಿ ಅರ್ಧದಷ್ಟು ಜನ ಯಹೂದ್ಯರು. ಯುದ್ಧ ಮುಗಿದ ಮೇಲೆ ಪೋಲೆಂಡ್ ತನ್ನ ಪೂರ್ವದ ನೆಲವನ್ನು ಸೋವಿಯತ್ ಒಕ್ಕೂಟಕ್ಕೆ ಕಳೆದುಕೊಂಡು ಪಶ್ಚಿಮದಲ್ಲಿ ಜರ್ಮನಿಯ ನೆಲವನ್ನು ಪಡೆಯಿತು. ಬ್ರೆಸ್ಲಾವ್ ಎಂಬ ಜರ್ಮನ್ ನಗರ ವ್ರೊತ್ಸ್ವಾಫ್ ಆಯಿತು. ಲಕ್ಷಾಂತರ ಜರ್ಮನರು ಮನೆಮಠ ಬಿಟ್ಟು ಹೊರಟರು. ಇಪ್ಪತ್ತೈದು ವರ್ಷವಾದರೂ ಬಾನ್ ಮತ್ತು ವಾರ್ಸಾ ನಡುವೆ ರಾಯಭಾರ ಸಂಬಂಧವೇ ಇರಲಿಲ್ಲ.

ಸಹಿಗೆ ಮೊದಲು ಬ್ರಾಂಟ್ 1943ರ ಯಹೂದ್ಯರ ಘೆಟ್ಟೋ ದಂಗೆಯ ಸ್ಮಾರಕಕ್ಕೆ ಹೂಮಾಲೆ ಇಟ್ಟ, ರಿಬ್ಬನ್ ಸರಿಮಾಡಿದ, ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ಒದ್ದೆ ಕಲ್ಲಿನ ಮೇಲೆ ಮಂಡಿಯೂರಿದ. ಹಿಟ್ಲರನ ಕಾಲದಲ್ಲಿ ದೇಶ ಬಿಟ್ಟು ನಾರ್ವೆಗೆ ಓಡಿಹೋಗಿ ನಾಜಿಗಳ ವಿರುದ್ಧ ದುಡಿದವನು ಅವನು. ಅವನ ಸ್ವಂತ ಲೆಕ್ಕದಲ್ಲಿ ಪಾಪವಿರಲಿಲ್ಲ. ಅಂದು ಎದುರು ಕೂತು ಸಹಿ ಹಾಕಿದ ಪೋಲೆಂಡಿನ ಪ್ರಧಾನಿ ತ್ಸಿರಾಂಕ್ಯೆವಿಚ್ ಔಶ್ವಿಟ್ಸ್‌ನಿಂದ ಬದುಕಿ ಬಂದವನು. ತಪ್ಪು ಮಾಡದವನು ಬಾಗಿದ. ಪಶ್ಚಿಮ ಜರ್ಮನಿಯಲ್ಲಿ ಆಗ ನಡೆದ ಜನಾಭಿಪ್ರಾಯ ಸಂಗ್ರಹದಲ್ಲಿ ಶೇಕಡ 48 ಜನ ಇದು ಅತಿಯಾಯಿತು ಅಂದರು, ಸರಿ ಅಂದವರು ಶೇಕಡ 41.

ಇದರಲ್ಲಿ ಹಿತಾಸಕ್ತಿ ಎಲ್ಲಿದೆ? ಇದೆ ಅನ್ನುತ್ತಾರೆ ಪಾಮರ್‌ಸ್ಟನ್‌ನ ಶಿಷ್ಯರು. ಪೂರ್ವದ ಜೊತೆ ರಾಜಿ ಮಾಡಿಕೊಳ್ಳುವುದು ಪಶ್ಚಿಮ ಜರ್ಮನಿಗೆ ಬೇಕಿತ್ತು, ಮಂಡಿಯೂರಿದ್ದು ಅದಕ್ಕೆ ಸಹಾಯವಾಯಿತು. ಆಗಲಿ. ಮಂಡಿಯೂರದೆ ಹೋಗಿದ್ದರೆ? ಊರಿನಲ್ಲಿ ಓಟು ಕಳೆದುಕೊಳ್ಳಬಾರದೆಂದು ಊರಲಿಲ್ಲ, ಅದೂ ಹಿತಾಸಕ್ತಿಯೇ ಅನ್ನುತ್ತಿದ್ದರು. ಮಳೆ ಬಂದರೂ ದೇವರ ಚಿತ್ತ, ಬರದಿದ್ದರೂ ದೇವರ ಚಿತ್ತ ಅನ್ನುವವನು ಮಳೆಯ ಬಗ್ಗೆ ಏನನ್ನೂ ಹೇಳಿದಂತಾಗಲಿಲ್ಲ. ನಡೆದುಹೋದದ್ದಕ್ಕೆಲ್ಲ ಆಮೇಲೆ ಹಚ್ಚುವ ಹೆಸರು ವಿವರಣೆಯಾಗುವುದಿಲ್ಲ.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಎದುರಾಳಿ ನಿಜಕ್ಕೂ ಹೇಳಿದ್ದೇನು ಎಂದು ನೋಡಲು ಆ ಭಾಷಣವನ್ನು ತೆಗೆದು ಓದಿದೆ. ಓದಿದ ಮೇಲೆ ನನ್ನ ಕೋಪ ಮೊದಲಿನಷ್ಟು ನೇರವಾಗಿ ಉಳಿಯಲಿಲ್ಲ.

1848ರ ಮಾರ್ಚ್ 1ರಂದು ವಿದೇಶಾಂಗ ಮಂತ್ರಿ ಪಾಮರ್‌ಸ್ಟನ್ ಬ್ರಿಟಿಷ್ ಸಂಸತ್ತಿನ ಕೆಳಮನೆಯಲ್ಲಿ ತನ್ನ ಮೇಲಿನ ಆರೋಪಗಳಿಗೆ ಉತ್ತರ ಕೊಡುತ್ತಿದ್ದ. ರಷ್ಯಾಕ್ಕೆ ತಲೆಬಾಗಿ ದೇಶದ ಹಿತ ಬಿಟ್ಟುಕೊಟ್ಟ ಎಂಬುದು ದೂರು. ಒಂದು ವಾರದ ಹಿಂದಷ್ಟೇ ಪ್ಯಾರಿಸ್ಸಿನಲ್ಲಿ ಕ್ರಾಂತಿಯಾಗಿ ರಾಜ ಲೂಯಿ ಫಿಲಿಪ್ ಸಿಂಹಾಸನ ಬಿಟ್ಟಿದ್ದ. ನಿನ್ನೆಯ ಮಿತ್ರ ಇಂದು ಯಾರೆಂದೇ ಗೊತ್ತಿಲ್ಲದ ಹೊತ್ತು ಅದು. ಇಂಥ ದೇಶ ನಮಗೆ ಸದಾಕಾಲದ ಮಿತ್ರ, ಇಂಥ ದೇಶ ಸದಾಕಾಲದ ಶತ್ರು ಎಂದು ಗುರುತು ಹಾಕಿಕೊಳ್ಳುವುದು ಸಂಕುಚಿತ ಬುದ್ಧಿ ಎನ್ನುವುದು ಅವನ ವಾದ. ಸಂಕಿರಣದ ಹಿರಿಯರು ಬಿಟ್ಟದ್ದು ಆ 'ಸದಾಕಾಲ'ವನ್ನು. ಮಿತ್ರರೇ ಇಲ್ಲ ಎಂದು ಅವನು ಹೇಳಲೇ ಇಲ್ಲ.

ಶಾಶ್ವತ ಶತ್ರುವೂ ಇಲ್ಲ ಎಂಬ ಮಾತನ್ನು ನಾವು ಪಿಸುಗುಟ್ಟಿ ದಾಟಿಬಿಡುತ್ತೇವೆ. 1965ರ ಪೋಲೆಂಡಿನಲ್ಲಿ ನಿಂತು ಅದನ್ನು ಹೇಳಿ ನೋಡಿ. ಆ ವರ್ಷದ ನವೆಂಬರ್ 18ರಂದು ಪೋಲೆಂಡಿನ ಬಿಷಪ್ಪರು ಜರ್ಮನಿಯ ಬಿಷಪ್ಪರಿಗೆ ಒಂದು ಪತ್ರ ಬರೆದರು. ಅದನ್ನು ಬರೆಯುವುದರಲ್ಲಿ ಮುಖ್ಯ ಕೈ ಬೊಲೆಸ್ವಾಫ್ ಕೊಮಿನೆಕ್ ಅವರದು. ನಿನ್ನೆಯವರೆಗೆ ಬ್ರೆಸ್ಲಾವ್ ಆಗಿದ್ದ ಅದೇ ವ್ರೊತ್ಸ್ವಾಫ್‌ನಲ್ಲಿದ್ದ ಆರ್ಚ್‌ಬಿಷಪ್ ಅವರು. ಮುಂದೆ ಪೋಪ್ ಎರಡನೆಯ ಜಾನ್ ಪಾಲ್ ಆದ ಕರೋಲ್ ವೊಯ್ತಿವಾ ಅವರ ಸಹಿಯೂ ಅದರಲ್ಲಿತ್ತು. ನಿಮ್ಮನ್ನು ಕ್ಷಮಿಸುತ್ತೇವೆ, ನಿಮ್ಮಿಂದ ಕ್ಷಮೆ ಬೇಡುತ್ತೇವೆ ಎಂಬುದು ಅದರ ತಿರುಳು. ಏಟು ತಿಂದವರೇ ಮೊದಲು ಕೈ ಚಾಚಿದ್ದರು. ಜರ್ಮನ್ ಬಿಷಪ್ಪರ ಉತ್ತರ ತಣ್ಣಗಿತ್ತು, ಗಡಿಯ ಬಗ್ಗೆ ಖಚಿತವಾಗಿ ಏನನ್ನೂ ಹೇಳಲಿಲ್ಲ. ಇತ್ತ ಗೊಮುಲ್ಕಾನ ಕಮ್ಯುನಿಸ್ಟ್ ಸರ್ಕಾರ ಕೆಂಡವಾಯಿತು. ಮರುವರ್ಷ ಪೋಲೆಂಡಿನ ಕ್ರೈಸ್ತಧರ್ಮಕ್ಕೆ ಸಾವಿರ ವರ್ಷ ತುಂಬಿದಾಗ ಪೋಪ್ ಆರನೆಯ ಪಾಲ್ ಬರುವುದಕ್ಕೂ ಬಿಡಲಿಲ್ಲ. ಜರ್ಮನ್ನನು ಎಂದೆಂದಿಗೂ ಶತ್ರುವಾಗಿ ಉಳಿಯುವುದು ಆ ಸರ್ಕಾರಕ್ಕೆ ಬೇಕಾಗಿತ್ತು. ಅಲ್ಲಿ ಪಾಮರ್‌ಸ್ಟನ್‌ನ ಅರ್ಧ ಮಾತು ಬಿಷಪ್ಪರ ಪಕ್ಷದಲ್ಲಿ ನಿಲ್ಲುತ್ತದೆ. ಇದನ್ನು ನಾನು ಒಪ್ಪಿಕೊಳ್ಳದೆ ಇರಲಾರೆ.

ಆದರೂ ಬಿಡಲಾರೆ. ಅವನ ವಾಕ್ಯದ ಕೊನೆಯಲ್ಲಿ ಇನ್ನೊಂದು ಪದವಿದೆ. ನಮ್ಮ ಹಿತಾಸಕ್ತಿಗಳೇ ಶಾಶ್ವತ, ಅವನ್ನು ಅನುಸರಿಸುವುದು ನಮ್ಮ ಕರ್ತವ್ಯ ಅನ್ನುತ್ತಾನೆ. ಕರ್ತವ್ಯ! ಹಸಿದವನಿಗೆ ಉಣ್ಣುವುದು ನಿನ್ನ ಕರ್ತವ್ಯ ಎಂದು ಯಾರೂ ಹೇಳುವುದಿಲ್ಲ. ಕರ್ತವ್ಯ ಅಂದ ಕೂಡಲೇ ಯಾರಿಗೆ ಎಂಬ ಪ್ರಶ್ನೆ ಏಳುತ್ತದೆ. ಇಂದು ಓಟು ಹಾಕುವವರಿಗೆ ಮಾತ್ರವೋ, ಸತ್ತವರಿಗೂ ಹುಟ್ಟಬೇಕಾದವರಿಗೂ ಸೇರಿಯೋ? ದೇಶ ಎಂಬುದು ಬರೀ ಇಂದಿನ ಜನರಾಗಿದ್ದರೆ 'ಶಾಶ್ವತ' ಎನ್ನುವ ಮಾತೇ ಅವನ ಬಾಯಲ್ಲಿ ಬರುತ್ತಿರಲಿಲ್ಲ. ನೂರು ವರ್ಷದ ಲಾಭವನ್ನು ತನ್ನದೆನ್ನುವ ದೇಶ ನೂರು ವರ್ಷದ ಸಾಲವನ್ನೂ ತನ್ನದೆನ್ನಬೇಕು. ಹಿತಾಸಕ್ತಿ ಮುಂದೆ ನೋಡುತ್ತದೆ, ಋಣ ಹಿಂದೆ ನೋಡುತ್ತದೆ. ಎರಡು ದೇಶಗಳ ನಡುವೆ ಇರುವುದು ಸ್ನೇಹವೂ ಅಲ್ಲ, ವ್ಯಾಪಾರವೂ ಅಲ್ಲ, ಋಣ. ನನಗೆ ಹೇಳಬೇಕಾಗಿದ್ದದ್ದು ಇದು.

ಇದನ್ನು ನಾನು ಕಲಿತದ್ದು ಮಲೆನಾಡಿನ ನಮ್ಮ ಮನೆಯಲ್ಲಿ. ನಮ್ಮದೂ ಕೆಳಗಿನ ಮನೆಯವರದೂ ದಾಯಾದಿ ಸಂಬಂಧ, ಮಧ್ಯೆ ಒಂದು ಬಾಂದುಕಲ್ಲು. ಅದು ಸರಿದಿದೆ, ಇಲ್ಲ ಎಂಬ ಜಗಳದಲ್ಲಿ ಅಜ್ಜ ಹತ್ತೊಂಬತ್ತು ವರ್ಷ ಆ ಮನೆಯವರ ಜೊತೆ ಮಾತು ಬಿಟ್ಟಿದ್ದರು. ಮದುವೆ-ಮುಂಜಿಯ ಕರೆಯಿಲ್ಲ, ಮುಯ್ಯಾಳಿಲ್ಲ, ಕೊನೆಗೆ ಬೆಂಕಿಪೆಟ್ಟಿಗೆಯ ಬಳಕೆಯೂ ಇಲ್ಲ. ಹೀಗಿರುವಾಗ ಒಂದು ನವರಾತ್ರಿಯ ಮುಂಚೆ ಆ ಮನೆಯ ಹಿರಿಯರು ತೀರಿಕೊಂಡರು. ಸುದ್ದಿ ಬಂದ ಕೂಡಲೇ ಅಜ್ಜ ಎದ್ದು ಬಾವಿಕಟ್ಟೆಗೆ ಹೋಗಿ ತಣ್ಣೀರು ಸುರಿದುಕೊಂಡರು. ಹತ್ತು ದಿನ ಸೂತಕ ಹಿಡಿದರು. ಆ ವರ್ಷ ನಮ್ಮ ಮನೆಯಲ್ಲಿ ಹಬ್ಬ ಆಗಲಿಲ್ಲ. ಮಾತು ಬಿಟ್ಟವರಿಗೆ ಸೂತಕ ಯಾಕೆ ಎಂದು ನಾನು ಅಜ್ಜಿಯನ್ನು ಕೇಳಿದೆ. "ಮಾತು ನಾವು ಬಿಟ್ಟದ್ದು ಮಗಾ, ಸೂತಕ ನಾವು ಬಿಡುವುದಲ್ಲ" ಅಂದರು. ಸೂತಕ ಕಳೆದ ಮೇಲೆ ಅಜ್ಜ ಆ ಮನೆಗೆ ನಡೆದುಹೋಗಿ ಎಲೆಯ ಮುಂದೆ ಕೂತು ಉಂಡು ಬಂದರು.

ರಾಯಭಾರಿಯನ್ನು ಕಳಿಸುವುದು, ಕರೆಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ಒಬ್ಬರ ಸಾವು ಇನ್ನೊಬ್ಬರಿಗೆ ಅಂಟಿಕೊಳ್ಳುವುದು ನಮ್ಮ ಕೈಯಲ್ಲಿಲ್ಲ. ಬ್ರಾಂಟ್ ವಾರ್ಸಾದಲ್ಲಿ ಹಿಡಿದದ್ದು ಆ ಸೂತಕವನ್ನು. ತಾನು ಕೊಲ್ಲಲಿಲ್ಲ ಎಂದು ಅವನು ಮೈಲಿಗೆಯಿಂದ ತಪ್ಪಿಸಿಕೊಳ್ಳಲಿಲ್ಲ. ವರ್ಷಗಟ್ಟಲೆ ಹೀಗೆಂದೇ ನಂಬಿ ಪಾಠ ಹೇಳಿದ್ದೇನೆ.

ಈ ಪ್ರಬಂಧ ಬರೆಯುವ ಮುಂಚೆ ಚಿಕ್ಕಪ್ಪನಿಗೆ ಫೋನ್ ಮಾಡಿ ಆ ವರ್ಷ ಯಾವುದೆಂದು ಕೇಳಿದೆ. ವರ್ಷ ಹೇಳಿ ಅವರು ಇನ್ನೂ ಒಂದು ಮಾತು ಸೇರಿಸಿದರು. ಅಡಿಕೆ ಸಾಗಿಸುವ ಲಾರಿ ನಮ್ಮ ಅಂಗಳದವರೆಗೆ ಬರಬೇಕೆಂದರೆ ಆ ಮನೆಯವರ ಬೇಣದಲ್ಲಿ ದಾರಿ ಬೇಕಾಗಿತ್ತಂತೆ. ಆ ಬೇಸಗೆಯಲ್ಲೇ ಅಜ್ಜ ಊರಿನ ಹಿರಿಯರೊಬ್ಬರ ಮೂಲಕ ಮಾತು ಕಳಿಸಿದ್ದರಂತೆ. ದೀಪಾವಳಿಯ ಹೊತ್ತಿಗೆ ದಾರಿ ಆಯಿತು. ಅದು ನನಗೂ ನೆನಪಿದೆ, ಮೊದಲ ಲಾರಿ ಬಂದ ದಿನ ನಾವು ಮಕ್ಕಳೆಲ್ಲ ಅದರ ಹಿಂದೆ ಓಡಿದ್ದೆವು.

ಅಜ್ಜ ಉಂಡದ್ದು ಸೂತಕದ ಊಟವೋ, ದಾರಿಯ ಊಟವೋ? ಫೋನ್ ಇಟ್ಟ ಮೇಲೆ ಬಹಳ ಹೊತ್ತು ಹಾಗೇ ಕೂತೆ. ಬ್ರಾಂಟ್‌ನ ಕೈಯಲ್ಲೂ ಅಂದು ಒಪ್ಪಂದದ ಕಾಗದ ಸಿದ್ಧವಾಗಿತ್ತು. ಬಾವಿಕಟ್ಟೆಯ ತಣ್ಣೀರು ದಾರಿಗಾಗಿ ಸುರಿದುಕೊಂಡದ್ದಲ್ಲ ಎಂದು ಮಾತ್ರ ನಾನು ಗಟ್ಟಿಯಾಗಿ ಹೇಳಬಲ್ಲೆ.

ಇನ್ನೂ ಒಂದು ಕಡೆ ಪಾಮರ್‌ಸ್ಟನ್‌ಗೆ ನೆಲ ಬಿಟ್ಟುಕೊಡಬೇಕು. ಪೂರ್ವ ಜರ್ಮನಿ 1950ರಲ್ಲೇ ಇದೇ ಗಡಿಯನ್ನು ಒಪ್ಪಿ, ಅದನ್ನು ಶಾಂತಿಯ ಮತ್ತು ಸ್ನೇಹದ ಗಡಿ ಎಂದು ಕರೆದಿತ್ತು. 1972ರಲ್ಲಿ ವೀಸಾ ಇಲ್ಲದೆ ಓಡಾಡಲು ಬಿಟ್ಟಿತು. 1980ರಲ್ಲಿ ಪೋಲೆಂಡಿನ ಕಾರ್ಮಿಕರು ಸಾಲಿಡಾರಿಟಿ ಸಂಘ ಕಟ್ಟಿದ ಕೂಡಲೇ ಆ ಸ್ನೇಹದ ಗಡಿಯ ಬಾಗಿಲು ಬಿತ್ತು. 1981ರ ಡಿಸೆಂಬರ್ 13ರಂದು ಪೋಲೆಂಡಿನಲ್ಲಿ ಸೇನಾಡಳಿತ ಬಂದಾಗ ಪಶ್ಚಿಮ ಜರ್ಮನಿಯ ಚಾನ್ಸಲರ್ ಹೆಲ್ಮುಟ್ ಶ್ಮಿಟ್ ಪೂರ್ವ ಜರ್ಮನಿಯಲ್ಲಿ ಅಲ್ಲಿನ ನಾಯಕ ಹೊನೆಕರ್‌ನ ಅತಿಥಿಯಾಗಿದ್ದ. ಭೇಟಿಯನ್ನು ಮುರಿದು ಎದ್ದು ಬರಲಿಲ್ಲ. ಇತ್ತ ಪಶ್ಚಿಮ ಜರ್ಮನಿಯ ಸಾಮಾನ್ಯ ಜನ ಅಕ್ಕಪಕ್ಕದ ಮನೆಗೆ ಕಳಿಸುವಂತೆ ಪೋಲೆಂಡಿಗೆ ಲಕ್ಷಾಂತರ ಪಾರ್ಸೆಲ್ ಕಳಿಸಿದರು, ಹಿಟ್ಟು, ಕಾಫಿ, ಸೋಪು, ಮಕ್ಕಳ ಬಟ್ಟೆ. ಯಾರ ಯಾವ ಹಿತಾಸಕ್ತಿಗೆ? ಋಣ ತೀರಿಸುವುದು ಜನಕ್ಕೆ ಸಾಧ್ಯ, ಸರ್ಕಾರಕ್ಕೆ ಸಾಧ್ಯವಿಲ್ಲ ಎನ್ನಬೇಕೇ? ಹಾಗೆಂದರೆ ನನ್ನ ವಾದವೇ ಕುಸಿಯುತ್ತದೆ. ಬ್ರಾಂಟ್ ಮಂಡಿಯೂರಿದ್ದು ಸರ್ಕಾರದ ಪರವಾಗಿಯೇ ತಾನೆ?

ಋಣ ಎಂದಮೇಲೆ ಲೆಕ್ಕವೂ ಬರುತ್ತದೆ. ಇದನ್ನು ನಾನು ಮೊದಲು ಯೋಚಿಸಿರಲಿಲ್ಲ. 2022ರ ಸೆಪ್ಟೆಂಬರ್ 1ರಂದು, ಯುದ್ಧ ಶುರುವಾದ ದಿನವನ್ನೇ ಆರಿಸಿಕೊಂಡು, ಪೋಲೆಂಡ್ ತನ್ನ ನಷ್ಟದ ವರದಿ ಹೊರತಂದಿತು: ಸುಮಾರು 1.3 ಲಕ್ಷ ಕೋಟಿ ಯೂರೋ. 1953ರಲ್ಲಿ ನೀವೇ ಪರಿಹಾರದ ಹಕ್ಕು ಬಿಟ್ಟಿದ್ದೀರಿ, ವಿಷಯ ಮುಗಿದಿದೆ ಎಂಬುದು ಜರ್ಮನಿಯ ನಿಲುವು. ಅಂದು ಬಿಡಿಸಿದ್ದು ಮಾಸ್ಕೋ, ನಾವಲ್ಲ ಎಂಬುದು ಪೋಲೆಂಡಿನ ಮರುಮಾತು. ಮಂಡಿಯೂರಿದ ಚಿತ್ರ ಈ ಲೆಕ್ಕದ ಯಾವ ಕಾಲಮ್ಮಿಗೂ ಸೇರುವುದಿಲ್ಲ.

ಸೇರುವುದಿಲ್ಲ ಎಂದು ನನಗೆ ಗೊತ್ತು, ಯಾಕೆಂದರೆ ನಾನೂ ಒಮ್ಮೆ ಬಾಗಿ ನೋಡಿದ್ದೇನೆ. ಅಜ್ಜ ಹೋದ ಎಷ್ಟೋ ವರ್ಷದ ಮೇಲೆ ತೋಟದ ಅಳತೆಯಾಯಿತು. ಕಲ್ಲು ಸರಿದಿದ್ದು ನಿಜ, ನಮ್ಮ ಕಡೆಗೆ ನೆಲ ಬರುವಂತೆಯೇ ಸರಿದಿತ್ತು. ನಾನು ಕೆಳಗಿನ ಮನೆಗೆ ಹೋದೆ. ಆ ಹಿರಿಯರ ಮಗಳು, ನನಗೆ ಅತ್ತೆಯಾಗಬೇಕಾದವರು, ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರು. ಅಜ್ಜನ ತಪ್ಪಾಗಿತ್ತು ಅತ್ತೆ, ಅವರ ಪರವಾಗಿ ನಾನು ಕೇಳಿಕೊಳ್ಳುತ್ತಿದ್ದೇನೆ ಅಂದೆ. ಅವರು ಕತ್ತಿಯಿಂದ ಕಣ್ಣು ತೆಗೆಯದೆ ಒಂದು ಅಡಿಕೆ ಸುಲಿದು ಬುಟ್ಟಿಗೆ ಹಾಕಿದರು.

"ನೀನು ಬಂದು ಹೇಳಿದ್ದು ಒಳ್ಳೇದಾಯ್ತು" ಅಂದರು. ಆಮೇಲೆ, "ಜಾಗ ಬಿಟ್ಟುಕೊಡ್ತೀಯೇನೋ?" ಎಂದು ಕೇಳಿದರು.

ಆ ಜಾಗ ಪಾಲಿನಲ್ಲಿ ತಮ್ಮನಿಗೆ ಹೋಗಿದೆ, ಅವನು ಅಲ್ಲಿ ಹೊಸ ಸಸಿ ನೆಟ್ಟಿದ್ದಾನೆ. ಅದನ್ನು ಹೇಳಲು ಬಾಯಿ ಬರಲಿಲ್ಲ. ಅತ್ತೆ ಒಳಗೆ ಹೋಗಿ ಕಾಫಿ ಮಾಡಿ ತಂದರು. ಸಸಿಗಳಿಗೆ ಈಗ ನಾಲ್ಕು ವರ್ಷ.