ಮುಕ್ತ ವಿದ್ಯೆಯ ಉಸ್ತುವಾರಿ

ಮುಕ್ತ ತಂತ್ರಾಂಶವೆಂದರೆ ತನ್ನ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಿ, ತಿದ್ದಿ, ನಕಲು ಮಾಡಿ ಹಂಚಲು ಪರವಾನಗಿಯಲ್ಲೇ ಅವಕಾಶ ಕೊಡುವ ತಂತ್ರಾಂಶ. ತಿದ್ದುವ ಹಕ್ಕು ಹೀಗೆ ಎಲ್ಲರದಾಗಿದ್ದರೂ, ತಿದ್ದಿದ್ದು ಅಧಿಕೃತ ಪ್ರತಿಯೊಳಗೆ ಸೇರಬೇಕೇ ಬೇಡವೇ ಎಂಬ ತೀರ್ಮಾನ ಕೆಲವರ ಕೈಯಲ್ಲಿ ಮಾತ್ರ ಇರುತ್ತದೆ. ಅವರನ್ನು ಮೇಂಟೇನರ್, ಅಂದರೆ ಉಸ್ತುವಾರಿ ಹೊತ್ತವರು, ಎನ್ನುತ್ತಾರೆ. ಒಡೆತನವಿಲ್ಲದ ಈ ಅಧಿಕಾರಕ್ಕೆ ಆಧಾರವೇನು? ಒಪ್ಪದವರು ಇಡೀ ಸಂಕೇತವನ್ನು ನಕಲು ಮಾಡಿಕೊಂಡು ಬೇರೆ ಯೋಜನೆ ಕಟ್ಟಬಹುದು, ಈ ಕವಲೊಡೆಯುವ ಸ್ವಾತಂತ್ರ್ಯವೇ, ಅಂದರೆ ಫೋರ್ಕ್, ಅಧಿಕಾರಕ್ಕೆ ಸಾಕಷ್ಟು ಕಡಿವಾಣ ಎಂಬುದು ರೂಢಿಯ ಉತ್ತರ. ಈ ಉತ್ತರ ಅರ್ಧ ಮಾತ್ರ ನಿಜ. ಏಕೆಂದರೆ ನಕಲಿಗೆ ಸಿಗದ ಎರಡು ಸಂಗತಿಗಳು, ಹೆಸರು ಮತ್ತು ವಿವೇಚನೆ, ಹಳೆಯ ಕೈಗಳಲ್ಲೇ ಉಳಿಯುತ್ತವೆ.

ಓಪನ್‌ಆಫೀಸ್ ಎಂಬ ಮುಕ್ತ ತಂತ್ರಾಂಶ ಯೋಜನೆಯಿಂದ 2010ರಲ್ಲಿ ಹೊರಬಂದ ಕಾರ್ಯಕರ್ತರಿಗೆ ಸಂಕೇತವೆಲ್ಲವೂ ದೊರೆಯಿತು, ಹೆಸರು ಮಾತ್ರ ಒರೇಕಲ್ ಕಂಪನಿಯಲ್ಲೇ ಉಳಿಯಿತು. ಅವರು ಲಿಬ್ರೆಆಫೀಸ್ ಎಂಬ ಹೊಸ ಹೆಸರಿನಡಿ ಬಳಕೆದಾರರ ವಿಶ್ವಾಸವನ್ನು ಮತ್ತೆ ಗಳಿಸಬೇಕಾಯಿತು. ಕರ್ನಾಟಕದ ಗಡಿಗೆ ಹೊಂದಿಕೊಂಡಿರುವ ಸಾಂಗ್ಲಿ ಜಿಲ್ಲೆಯ ಮಿರಜಿನಲ್ಲಿ ಹೆಸರಿನ ಇದೇ ಪ್ರಶ್ನೆ ಗಣಕಕ್ಕಿಂತ ಹಳೆಯದಾದ ರೂಪದಲ್ಲಿದೆ. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನಗಳು ತಂತಿವಾದ್ಯ ತಯಾರಿಕೆಗೆ ಹೊರಳಿ, ತಲೆಮಾರುಗಳಿಂದ ಅಲ್ಲಿ ಸಿತಾರ್ ಮತ್ತು ತಂಬೂರಿಗಳನ್ನು ಮಾಡುತ್ತ ಬಂದಿವೆ. ಮಂಗಳವೇಢೆಯ ಕಡೆಯಿಂದ ಬರುವ ಸೋರೆಬುರುಡೆ, ಅದಕ್ಕೆ ಕೂರಿಸುವ ಮರ, ತಂತಿಗಳ ಜೋಡಣೆ, ಇವುಗಳಲ್ಲಿ ಯಾವುದೂ ಮುಚ್ಚಿಟ್ಟ ಗುಟ್ಟಲ್ಲ. ವಾದ್ಯವೊಂದನ್ನು ಬಿಚ್ಚಿ ಅಳೆದರೆ ರಚನೆಯೆಲ್ಲ ಕಣ್ಣೆದುರಿಗೇ ಇರುತ್ತದೆ. ಕೋಲ್ಕತ್ತದಲ್ಲಿ ಕುಳಿತವರೂ ತಂಬೂರಿ ಮಾಡಬಹುದು. ಆದರೆ 2024ರಲ್ಲಿ ಮಿರಜಿನ ಸಿತಾರ್‌ಗೂ ತಂಬೂರಿಗೂ ಭೌಗೋಳಿಕ ಸೂಚಕ ಮಾನ್ಯತೆ ದೊರೆತ ಬಳಿಕ, ಮಿರಜ್ ಎಂಬ ಹೆಸರಿನಲ್ಲಿ ಅವುಗಳನ್ನು ಮಾರುವ ಹಕ್ಕು ಎಲ್ಲರದಲ್ಲ. ವಿದ್ಯೆ ತೆರೆದಿದೆ, ಹೆಸರಿಗೆ ಕಾವಲಿದೆ.

ವಿವೇಚನೆಯ ವಿಷಯ ಇನ್ನೂ ಸೂಕ್ಷ್ಮವಾದದ್ದು. ತಂಬೂರಿಯ ನಾದಕ್ಕೆ ಕಾರಣವಾಗುವುದು ತಂತಿಗಳು ಹಾಯುವ ಕುದುರೆಯ ಮೇಲ್ಮೈ. ಅದರ ಅತಿ ಸಣ್ಣ ಬಾಗನ್ನು ತಂತಿ ಸವರಿಕೊಂಡು ಕಂಪಿಸಿದಾಗ ಉಪಸ್ವರಗಳು ಅರಳುತ್ತವೆ, ಆ ಬಾಗನ್ನು ಹದಗೊಳಿಸುವ ಕೆಲಸಕ್ಕೆ ಜವಾರಿ ಎಂದು ಹೆಸರು. ತಂತಿಯ ಉಜ್ಜಾಟದಿಂದ ಆ ಮೇಲ್ಮೈ ಸವೆಯುವುದರಿಂದ ಜವಾರಿಯನ್ನು ಕಾಲಕಾಲಕ್ಕೆ ಮತ್ತೆ ಮಾಡಿಸಬೇಕು. ಎಷ್ಟು ಉಜ್ಜಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅಳತೆಪಟ್ಟಿ ಹೇಳುವುದಿಲ್ಲ, ಕಿವಿ ಹೇಳುತ್ತದೆ, ಮತ್ತು ಆ ಕಿವಿ ಹಿರಿಯರ ಪಕ್ಕದಲ್ಲಿ ವರ್ಷಗಟ್ಟಲೆ ಕುಳಿತವರಿಗೆ ಬರುತ್ತದೆ. ತಂತ್ರಾಂಶದ ಉಸ್ತುವಾರಿಯೂ ಬಹುಮಟ್ಟಿಗೆ ಇಂಥದ್ದೇ: ಸರಿಯಾಗಿ ಓಡುವ ತಿದ್ದುಪಡಿಯನ್ನೂ, ಮುಂದೆ ತೊಡಕಾದೀತೆಂದು ಕಂಡು ತಿರಸ್ಕರಿಸುವ ವಿವೇಕ ಸಂಕೇತದ ಸಾಲುಗಳಲ್ಲಿ ಬರೆದಿರುವುದಿಲ್ಲ. ಸಂಗೀತದಲ್ಲೂ ಹೀಗೆಯೇ: ಮಿರಜಿನಲ್ಲಿ ನೆಲೆಸಿದ, ಹಿಂದುಸ್ತಾನಿ ಗಾಯನದ ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ಗಾಯಕಿ ಕುಂದಗೋಳದ ಸವಾಯಿ ಗಂಧರ್ವರ ಮೂಲಕ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರಲ್ಲಿ ಮುಂದುವರಿದದ್ದು ಧ್ವನಿಮುದ್ರಿಕೆಗಳ ನಕಲಿನಿಂದಲ್ಲ, ಎದುರು ಕೂರಿಸಿಕೊಂಡು ಕಲಿಸಿದ್ದರಿಂದ.

ಕಲಿಸುವ ಈ ಹೊಣೆಯನ್ನು ಕೈಬಿಟ್ಟಾಗ ಆಗುವ ಅಪಾಯಕ್ಕೆ ಎಕ್ಸ್‌ಝಡ್ ಯುಟಿಲ್ಸ್ ಪ್ರಕರಣಕ್ಕಿಂತ ಕಠೋರ ಸಾಕ್ಷಿ ಬೇಕಿಲ್ಲ. ಲಿನಕ್ಸ್ ವ್ಯವಸ್ಥೆಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ, ಕಡತಗಳನ್ನು ಕುಗ್ಗಿಸುವ ಆ ತಂತ್ರಾಂಶದ ಭಾರವನ್ನು ಬಹುಕಾಲ ಒಬ್ಬರೇ ಬಿಡುವಿನ ವೇಳೆಯಲ್ಲಿ ಹೊತ್ತಿದ್ದರು. ಎರಡು ವರ್ಷಕ್ಕೂ ಮಿಕ್ಕಿ ಉಪಯುಕ್ತ ತಿದ್ದುಪಡಿಗಳನ್ನು ಕೊಡುತ್ತ ವಿಶ್ವಾಸ ಗಳಿಸಿದ ಅನಾಮಿಕರೊಬ್ಬರು, ಕೆಲಸ ನಿಧಾನವಾಯಿತೆಂದು ಇತರ ಖಾತೆಗಳಿಂದ ಬಂದ ಒತ್ತಡದ ನಡುವೆ, ಸಹ ಉಸ್ತುವಾರಿಯ ಸ್ಥಾನಕ್ಕೇರಿ ಅದರೊಳಗೆ ಕಳ್ಳದಾರಿಯನ್ನು ಇಟ್ಟರು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ 2024ರ ಮಾರ್ಚ್‌ನಲ್ಲಿ, ಲಾಗಿನ್ ಆಗುವಾಗಿನ ಅರ್ಧ ಸೆಕೆಂಡಿನಷ್ಟು ವಿಳಂಬವನ್ನು ಬೆನ್ನಟ್ಟಿ ಅದನ್ನು ಪತ್ತೆಮಾಡಿದರು. ಉಸ್ತುವಾರಿ ಹೊತ್ತು ದಣಿದ ಆ ಒಂಟಿ ಮನುಷ್ಯನನ್ನು ದೂರುವುದು ಅನ್ಯಾಯ; ಅವರ ದುಡಿಮೆಯ ಮೇಲೆ ನಿಂತಿದ್ದ ಸಂಸ್ಥೆಗಳು ಅವರಿಗೆ ಜೊತೆಗಾರರನ್ನು ಒದಗಿಸಲಿಲ್ಲ.

ಉಸ್ತುವಾರಿಯ ಈ ಸಮಸ್ಯೆಗೆ ಚುನಾವಣೆಯೇ ಪರಿಹಾರವೆಂಬ ವಾದವಿದೆ. ಪೈಥಾನ್ ಭಾಷೆಯ ಜನಕ ಗೀಡೊ ವಾನ್ ರಾಸಮ್ 2018ರಲ್ಲಿ ಕೊನೆಯ ಮಾತಿನ ಅಧಿಕಾರವನ್ನು ತ್ಯಜಿಸಿದಾಗ ಮರುವರ್ಷ ಐವರ ಚುನಾಯಿತ ಮಂಡಳಿ ಬಂತು, ಅದು ಗೌರವಾರ್ಹ ಹೆಜ್ಜೆ. ಆದರೆ ಮತದಾರರು ಯಾರು ಎಂಬುದು ಮತದಾನಕ್ಕೂ ಮೊದಲಿನ ಪ್ರಶ್ನೆ. ಮಿರಜಿನ ವಾದ್ಯಗಳಿಗೆ ಮಾನ್ಯತೆ ಕೊಟ್ಟ ಭೌಗೋಳಿಕ ಸೂಚಕಗಳ 1999ರ ಕಾಯಿದೆಯ ನೋಂದಣಿ ಪುಸ್ತಕದಲ್ಲಿ ಹೆಸರಿನ ಒಡೆಯ ಸಂಸ್ಥೆ ಒಂದು ಭಾಗದಲ್ಲೂ ಅಧಿಕೃತ ಬಳಕೆದಾರರು ಇನ್ನೊಂದು ಭಾಗದಲ್ಲೂ ದಾಖಲಾಗುತ್ತಾರೆ. ಕರಕುಶಲ ವಸ್ತುವಿನ ಉತ್ಪಾದಕನೆಂಬ ವ್ಯಾಖ್ಯೆಯೊಳಗೆ ಮಾಡುವವನನ್ನಷ್ಟೇ ಅಲ್ಲದೆ ಅದರ ವ್ಯಾಪಾರ ಮಾಡುವವನನ್ನೂ ಕಾಯಿದೆ ಸೇರಿಸುತ್ತದೆ. ಕುದುರೆ ಉಜ್ಜುವ ಕೈಗೂ ಬಿಲ್ಲು ಬರೆಯುವ ಕೈಗೂ ಒಂದೇ ಸ್ಥಾನ ಸಿಕ್ಕರೆ, ನಾದ ಕೆಟ್ಟಿತೆಂದು ಹೇಳುವ ಅಧಿಕಾರ ಯಾರದು? ತಂತ್ರಾಂಶವನ್ನು ಬಳಸಿ ಲಾಭ ಗಳಿಸುವ ಕಂಪನಿಗಳು ಯೋಜನೆಗಳ ಮಂಡಳಿಗಳಲ್ಲಿ ಕೂರುವಾಗ, ಅಲ್ಲಿ ಪ್ರತಿದಿನ ತಿದ್ದುಪಡಿಗಳನ್ನು ಪರಿಶೀಲಿಸುವವರೂ ಇದೇ ಪ್ರಶ್ನೆಯನ್ನು ಕೇಳಬೇಕಾಗುತ್ತದೆ.