ಕೇಳದೇ ಪಡೆದದ್ದು

ವಿಜ್ಞಾನದ ಟೀಚರ್ ರಜೆಯಲ್ಲಿದ್ದರು. ಒಂಬತ್ತನೆಯ ತರಗತಿಯ ಹುಡುಗಿಯರನ್ನು ಗಲಾಟೆ ಮಾಡದಂತೆ ಕೂರಿಸುವ ಕೆಲಸ ಕನ್ನಡ ಪಾಠ ಮಾಡುವ ನನ್ನ ಪಾಲಿಗೆ ಬಂತು. ಆಗಷ್ಟೇ ಮೊದಲ ಮಳೆ ಬಿದ್ದಿತ್ತು. ಕಿಟಕಿಯಿಂದ ತೂರಿ ಬರುವ ಮಣ್ಣಿನ ವಾಸನೆಗೆ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾಗಳು ಮುಖ್ಯ ಕಾರಣವೆಂದು ಓದಿದ್ದೆ. ಅದನ್ನೇ ಹೇಳತೊಡಗಿದೆ. ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದೂ ಇದೇ ಕುಲದ ಗ್ರಿಸಿಯಸ್ ಎಂಬುದರಿಂದ, 1943ರಲ್ಲಿ, ಅಮೆರಿಕದ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ.

ಈ ಜೀವಿ ಮಣ್ಣಿನೊಳಗೆ ನೂಲಿನ ಹಾಗೆ ಕವಲೊಡೆದು ಹರಡುತ್ತದೆ. ಆಹಾರ ತೀರುತ್ತ ಬಂದರೆ ಮೇಲಕ್ಕೆ ಹೊಸ ಎಳೆಗಳನ್ನು ಎಬ್ಬಿಸಿ ಬೀಜಕಣಗಳ ಸರ ಕಟ್ಟುತ್ತದೆ. ಆಗ ಕೆಳಗಿನ ಹಳೆಯ ಎಳೆಗಳಲ್ಲಿ ಹಲವು ಕರಗಿ ಮೇಲಿನವುಗಳಿಗೆ ಅನ್ನವಾಗುತ್ತವೆ. ಆ ಅನ್ನಕ್ಕೆ ನೆರೆಹೊರೆಯ ಜೀವಿಗಳು ಬಾಯಿ ಹಾಕದಂತೆ ಆ ಹೊತ್ತಿಗೇ ಔಷಧದ ವಿಷವನ್ನೂ ಸುರಿಸುತ್ತದೆ ಎಂದು ವಿಜ್ಞಾನಿಗಳು ಊಹಿಸುತ್ತಾರೆ.

“ಅಂದ್ರೆ ಅಮ್ಮ ಸತ್ತು ಮಕ್ಕಳಿಗೆ ಊಟ ಹಾಕ್ತಾಳಾ ಮಿಸ್?” ಎಂದಳು ಹಿಂದಿನ ಬೆಂಚಿನವಳು.

“ಹೌದಮ್ಮ, ಅದೇ ತ್ಯಾಗ” ಎಂದುಬಿಟ್ಟೆ. ಗಂಟೆ ಹೊಡೆಯಿತು.

ರಾತ್ರಿ ಅಕ್ಕಿ ಆರಿಸುವಾಗ ಆ ಮಾತು ಕಲ್ಲಿನಂತೆ ಕೈಗೆ ಸಿಕ್ಕಿತು. ಕೆಳಗಿನ ಎಳೆ, ಮೇಲಿನ ಎಳೆ ಎರಡೂ ಒಂದೇ ಜೀವಿಯ ಮೈ. ಅಲ್ಲಿ ತಾಯಿ ಯಾರು, ಮಗು ಯಾರು? ಮೇಲಾಗಿ, ಕರಗುವ ಎಳೆಯನ್ನು ಯಾರೂ ಕೇಳುವುದಿಲ್ಲ. ಗ್ರಿಸಿಯಸ್‌ನಲ್ಲಿ ಎ-ಫ್ಯಾಕ್ಟರ್ ಎಂಬ ರಾಸಾಯನಿಕ ಸಂಕೇತ ಇದೆಯೆಂದು 1967ರಲ್ಲಿ ಸೋವಿಯತ್ ವಿಜ್ಞಾನಿ ಖೋಖ್ಲೊವ್ ಮತ್ತು ಸಂಗಡಿಗರು ತಿಳಿಸಿದರು. ಎಳೆಗಳು ಇದನ್ನು ಇಷ್ಟಿಷ್ಟೇ ಹೊರಬಿಡುತ್ತವೆ. ತೀರ ಅತ್ಯಲ್ಪವಾದರೂ ಒಂದು ಮಟ್ಟಕ್ಕೆ ಕೂಡಿಕೊಂಡಾಗ, ಜೀವಕೋಶದೊಳಗೆ ಬೀಗದಂತೆ ಕುಳಿತ ಒಂದು ಪ್ರೋಟೀನನ್ನು ಅದು ಕಳಚುತ್ತದೆ. ಬೀಜಕಣವೂ ಔಷಧವೂ ಒಟ್ಟಿಗೇ ಶುರು. ಎ-ಫ್ಯಾಕ್ಟರ್ ತಯಾರಿಸಲಾರದ ತಳಿಯಲ್ಲಿ ಎರಡೂ ಇಲ್ಲ. ಹೊರಗಿನಿಂದ ಕೊಟ್ಟರೆ ಎರಡೂ ಮರಳುತ್ತವೆ. ಒಲ್ಲೆ ಎನ್ನಲು ಬಾಯೇ ಇಲ್ಲದ ಕಡೆ ತ್ಯಾಗವೆಂಬ ಮಾತು ಹೇಗೆ ಸಲ್ಲುತ್ತದೆ?

ನನ್ನ ಬಿ.ಎಡ್. ಫೀಸಿಗೆ ಅಮ್ಮನ ನಾಲ್ಕು ಬಳೆ ಹೋದವು. ‘ಅವಳೇ ಬಿಚ್ಚಿ ಕೊಟ್ಟಳು’ ಎಂಬುದು ನಮ್ಮ ಮನೆಯಲ್ಲಿ ಹೆಮ್ಮೆಯಿಂದ ಹೇಳುವ ಕಥೆ. ಕೊಡು ಎಂದು ಯಾರೂ ಅನ್ನಲಿಲ್ಲ, ನಿಜ. ಶನಿವಾರವೇ ಕೊನೆಯ ದಿನ ಎಂದು ಅಪ್ಪ ಎರಡು ಸಲ ಹೇಳಿದರು. ಆ ಬಳೆಗಳು ಹಳೇ ಮಾದರಿಯವು ಎಂದು ಅಜ್ಜಿ ಗೊಣಗಿದರು. ಅರ್ಜಿಯನ್ನು ಅಡುಗೆಮನೆಯ ಗೂಡಿನಲ್ಲಿ ಕಾಣುವಂತೆ ಇಟ್ಟವಳು ನಾನೇ. ಇಷ್ಟಿಷ್ಟೇ. ಶುಕ್ರವಾರ ಬೆಳಿಗ್ಗೆ ಅಮ್ಮ ಸೋಪಿನ ನೀರು ಹಚ್ಚಿಕೊಂಡು ಬಳೆ ಬಿಚ್ಚುತ್ತಿದ್ದಳು. ಅಮ್ಮನಿಗೆ ಬಾಯಿ ಇತ್ತು. ಅದನ್ನು ತೆರೆಯಲು ಜಾಗವನ್ನು ನಾವೇ ಬಿಡಲಿಲ್ಲ. ಆಮೇಲೆ ಅದಕ್ಕೆ ತ್ಯಾಗವೆಂದು ಹೆಸರಿಟ್ಟು ಕೈ ತೊಳೆದುಕೊಂಡೆವು.

ಭಾನುವಾರ ಊರಿಗೆ ಹೋದಾಗ ಕೇಳಿಯೇಬಿಟ್ಟೆ: “ಅಮ್ಮಾ, ಆವತ್ತು ಬಳೆ ಕೊಡೋಕೆ ನಿಂಗೆ ಮನಸ್ಸಿತ್ತಾ?”

ಅವರೆಕಾಯಿ ಸುಲಿಯುತ್ತಿದ್ದವಳು ತಲೆ ಎತ್ತಲಿಲ್ಲ. “ನಿನ್ನ ಓದಿಗೆ ಅಂದ್ಮೇಲೆ ಇಲ್ದೆ ಏನೇ?” ಎಂದಳು. ಸ್ವಲ್ಪ ಹೊತ್ತಾದ ಮೇಲೆ, “ಕೇಳಿದ್ರೆ, ಒಂದನ್ನ ಇಟ್ಕೋತೀನಿ ಅಂತಿದ್ದೆ” ಎಂದಳು.