ಬದಲಾದ ಮಹಿಳೆ, ಬದಲಾಗದ ಮನೆ

2025ರ ಅಕ್ಟೋಬರ್‌ನಲ್ಲಿ ಸನಾಯೆ ತಕಾಯಿಚಿ ಜಪಾನಿನ ಪ್ರಧಾನಿಯಾದರು. ಆ ದೇಶದ ಇತಿಹಾಸದಲ್ಲಿ ಈ ಹುದ್ದೆಗೇರಿದ ಮೊದಲ ಮಹಿಳೆ ಅವರು. ಜಪಾನಿನ ಮಹಿಳೆ ಕೊನೆಗೂ ಗೆದ್ದಳು ಎಂದು ನಾವು ಸಂತೋಷಪಟ್ಟೆವು. ಆದರೆ ಒಬ್ಬಾಕೆ ಪ್ರಧಾನಿಯಾದ ಮಾತ್ರಕ್ಕೆ ಉಳಿದವರ ಹೊರೆ ಇಳಿಯುತ್ತದೆಯೇ? ಒಂದು ಸಮಾಜವು ಮಹಿಳೆಗೆ ನ್ಯಾಯ ನೀಡಿದೆ ಎನ್ನಲು ನಮ್ಮಲ್ಲಿರುವ ಅಳತೆಗೋಲು ಯಾವುದು?

ಮೇಜಿ ಯುಗದ ಜಪಾನ್ ಹೆಣ್ಣುಮಕ್ಕಳ ಶಾಲೆಗಳಲ್ಲಿ ಕಲಿಸಿದ ಆದರ್ಶವೆಂದರೆ 'ಒಳ್ಳೆಯ ಪತ್ನಿ, ವಿವೇಕಿ ತಾಯಿ'. 1898ರ ಸಿವಿಲ್ ಸಂಹಿತೆಯು ಕುಟುಂಬದ ಅಧಿಕಾರವನ್ನು ಯಜಮಾನನ ಕೈಗೆ ಒಪ್ಪಿಸಿತ್ತು. ಗಂಡನ ಒಪ್ಪಿಗೆಯಿಲ್ಲದೆ ಹೆಂಡತಿ ಮುಖ್ಯವಾದ ಯಾವ ವ್ಯವಹಾರವನ್ನೂ ಮಾಡುವಂತಿರಲಿಲ್ಲ. ಯುದ್ಧದಲ್ಲಿ ಸೋತ ಬಳಿಕ, 1946ರ ಏಪ್ರಿಲ್‌ನಲ್ಲಿ ಮಹಿಳೆಯರು ಮೊದಲ ಬಾರಿ ಸಂಸತ್ ಚುನಾವಣೆಯಲ್ಲಿ ಮತ ಹಾಕಿದರು. 39 ಮಂದಿ ಆರಿಸಿ ಬಂದರು. 1947ರಲ್ಲಿ ಜಾರಿಗೆ ಬಂದ ಸಂವಿಧಾನದ 24ನೇ ವಿಧಿಯು ದಾಂಪತ್ಯದಲ್ಲಿ ಗಂಡ ಹೆಂಡಿರಿಗೆ ಸಮಾನ ಹಕ್ಕು ನೀಡಿತು. ಅದರ ಕರಡು ಬರೆದಾಕೆ ಟೋಕಿಯೋದಲ್ಲಿ ಬೆಳೆದ, 22ರ ಹರೆಯದ ಬಿಯಾಟೆ ಸಿರೋಟಾ.

ಕಾನೂನು ಬದಲಾಯಿತು. ಮನೆ ಬದಲಾಗಲಿಲ್ಲ. ಆರ್ಥಿಕ ಏಳಿಗೆಯ ದಶಕಗಳಲ್ಲಿ ಗಂಡ ತಡರಾತ್ರಿಯವರೆಗೆ ಕಂಪೆನಿಗೆ ದುಡಿದ. ಹೆಂಡತಿ ಒಬ್ಬಳೇ ಮನೆ ನಡೆಸಿದಳು. 1986ರ ಏಪ್ರಿಲ್‌ನಲ್ಲಿ ಉದ್ಯೋಗದಲ್ಲಿ ಸಮಾನ ಅವಕಾಶದ ಕಾನೂನು ಜಾರಿಯಾಯಿತು. ಅದೇ ತಿಂಗಳು ಹೊಸ ಪಿಂಚಣಿ ವ್ಯವಸ್ಥೆಯೂ ಬಂತು. ಸಂಬಳದಾರನ ಹೆಂಡತಿಯ ಆದಾಯ ನಿಗದಿತ ಮಿತಿಯೊಳಗಿದ್ದರೆ ಅವಳು ಕಂತು ಕಟ್ಟಬೇಕಾಗಿಲ್ಲ. ಒಂದು ಕೈಯಿಂದ ಬಾಗಿಲು ತೆರೆದು, ಇನ್ನೊಂದು ಕೈಯಿಂದ ಅಗುಳಿ ಹಾಕಿದಂತಾಯಿತು. ಇಂದು ದುಡಿಯುವ ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಮಂದಿ ಉದ್ಯೋಗದಲ್ಲಿದ್ದಾರೆ. ಆದರೆ ಮಹಿಳಾ ನೌಕರರಲ್ಲಿ ಅರ್ಧಕ್ಕಿಂತ ಹೆಚ್ಚಿನವರದು ಅರೆಕಾಲಿಕ ಅಥವಾ ತಾತ್ಕಾಲಿಕ ಕೆಲಸ.

ಮನೆಯೊಳಗಿನ ಲೆಕ್ಕ ಇನ್ನೂ ಕಠಿಣ. 2021ರ ಸರಕಾರಿ ಸಮೀಕ್ಷೆಯಂತೆ ಆರು ವರ್ಷದೊಳಗಿನ ಮಗುವಿರುವ ಮನೆಯಲ್ಲಿ ಹೆಂಡತಿ ಮನೆಗೆಲಸ ಮತ್ತು ಮಕ್ಕಳ ಆರೈಕೆಗೆ ದಿನಕ್ಕೆ 7 ಗಂಟೆ 28 ನಿಮಿಷ ಕೊಡುತ್ತಾಳೆ. ಗಂಡ ಕೊಡುವುದು 1 ಗಂಟೆ 54 ನಿಮಿಷ. 2024ರಲ್ಲಿ ಮೊದಲ ಬಾರಿಗೆ ವರ್ಷದ ಜನನ ಸಂಖ್ಯೆ 7 ಲಕ್ಷಕ್ಕಿಂತ ಕೆಳಗಿಳಿದಾಗ ಅಚ್ಚರಿಪಡಲು ಏನಿದೆ? ಆದರೂ ದೂಷಣೆ ಬಂದದ್ದು ಹೆಣ್ಣಿನ ಮೇಲೆಯೇ. 2007ರಲ್ಲಿ ಆರೋಗ್ಯ ಸಚಿವರೊಬ್ಬರು ಮಹಿಳೆಯರನ್ನು ಹೆರುವ ಯಂತ್ರಗಳಿಗೆ ಹೋಲಿಸಿ, ಬಳಿಕ ಕ್ಷಮೆ ಯಾಚಿಸಿದರು.

ಹೆಣ್ಣು ಹೊಸ್ತಿಲು ದಾಟಿದ್ದೇ ಇದಕ್ಕೆಲ್ಲ ಕಾರಣ ಎನ್ನುವವರು ನಮ್ಮ ನಡುವೆಯೂ ಇದ್ದಾರೆ. ಕುಟುಂಬದ ಬಗ್ಗೆ ಅವರಿಗಿರುವ ಕಳಕಳಿ ಸುಳ್ಳಲ್ಲ. ಆದರೆ ಮಹಿಳೆಯರು ವ್ಯಾಪಕವಾಗಿ ದುಡಿಯುವ ಸ್ವೀಡನ್, ಫ್ರಾನ್ಸ್‌ಗಳಲ್ಲಿ ಜನನ ಪ್ರಮಾಣ ಜಪಾನಿಗಿಂತ ಹೆಚ್ಚಿದೆ. ಆದ್ದರಿಂದ ಅವಳು ಹೊರಗೆ ಹೋದದ್ದನ್ನು ಮಾತ್ರ ನೋಡಿದರೆ ಸಾಲದು. ಅವನು ಒಳಗೆ ಬಾರದಿರುವುದನ್ನೂ ನೋಡಬೇಕು. ತಾಯ್ತನವನ್ನು ಹಾಡಿ ಹೊಗಳಿ, ಅದರ ಶ್ರಮವನ್ನೆಲ್ಲ ಒಬ್ಬಳ ಹೆಗಲಿಗೇರಿಸುವುದು ಗೌರವವಲ್ಲ.

ಜಪಾನಿನ ಕಾನೂನಿನಂತೆ ದಂಪತಿಗೆ ಒಂದೇ ಕುಲನಾಮವಿರಬೇಕು. ನೂರರಲ್ಲಿ ಸುಮಾರು 95 ದಂಪತಿಗಳಲ್ಲಿ ಹೆಸರು ಬಿಡುವವಳು ಹೆಂಡತಿ. 2015 ಮತ್ತು 2021ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಪ್ರತ್ಯೇಕ ಕುಲನಾಮವನ್ನು ತಕಾಯಿಚಿಯವರೂ ವಿರೋಧಿಸುತ್ತಾ ಬಂದವರು. ವಿವಾಹದ ಕಾರಣಕ್ಕೆ ಹೆಣ್ಣು ತಂದೆಯ ಹೆಸರನ್ನು ಬಿಡಬೇಕೆಂದು ಇಸ್ಲಾಮ್ ಹೇಳಿಲ್ಲ ಎಂದು ನಾವು ಹೆಮ್ಮೆಪಡಬಹುದು. ಪ್ರವಾದಿ(ಸ) ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗ, ಮನೆಯವರ ಸೇವೆಯಲ್ಲಿರುತ್ತಿದ್ದರು, ನಮಾಝಿನ ವೇಳೆಯಾದಾಗ ಹೊರಡುತ್ತಿದ್ದರು ಎಂದು ಹಝ್ರತ್ ಆಯಿಶಾ(ರ) ತಿಳಿಸಿದ್ದರು. ಇದನ್ನು ನಾವು ವೇದಿಕೆಗಳಲ್ಲಿ ಹೇಳುತ್ತೇವೆ. ಮನೆಗೆ ಬಂದು ಉಂಡ ಬಟ್ಟಲನ್ನು ಅಲ್ಲೇ ಬಿಟ್ಟು ಏಳುತ್ತೇವೆ. ಹಾಗಿರುವಾಗ ಜಪಾನಿನತ್ತ ಬೆರಳು ತೋರಿಸುವ ಅರ್ಹತೆ ನಮಗೆಲ್ಲಿದೆ?

ಅಲ್ಲಿ ಬದಲಾವಣೆಯ ಸುಳಿವು ಕಾಣುತ್ತಿದೆ. ಮಗು ಹುಟ್ಟಿದಾಗ ರಜೆ ಪಡೆದ ತಂದೆಯರು 2005ರಲ್ಲಿ ನೂರಕ್ಕೆ ಒಬ್ಬರೂ ಇರಲಿಲ್ಲ. 2024ರಲ್ಲಿ ಆ ಪ್ರಮಾಣ ಶೇಕಡಾ 40 ದಾಟಿತು. ಹಲವರ ರಜೆ ಕೆಲವೇ ವಾರಗಳದ್ದು, ನಿಜ. ಆದರೂ ಪ್ರಧಾನಿ ಹುದ್ದೆಗಿಂತ ದೊಡ್ಡ ಸುದ್ದಿ ನಮಗೆ ಇದೇ ಎನಿಸುತ್ತದೆ. ಮಹಿಳೆಯ ಪಾತ್ರ ಎಷ್ಟು ಬದಲಾಗಿದೆ ಎಂದು ಕೇಳುವ ಮುನ್ನ, ಪುರುಷನ ಪಾತ್ರ ಎಷ್ಟು ಬದಲಾಗಿದೆ ಎಂದು ಕೇಳೋಣ. ಮೊದಲು ನಮ್ಮ ಮನೆಗಳಲ್ಲಿ.